ಬಾಂಬ್ ಬಸ್ಸಪ್ಪನ ಎರಡು ಮೋಟಾರು

ತುರ್ವಿಹಾಳದಲ್ಲಿ ಬಸ್ಸಪ್ಪ ಎಂಬ ಹೆಸರಿನವರು ಓಣಿಗೊಬ್ಬರು ಇದ್ದಾರೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಗುರುತು. ಕಿರಾಣಿ ಬಸ್ಸಪ್ಪ, ಟ್ರ್ಯಾಕ್ಟರ್ ಬಸ್ಸಪ್ಪ, ಗುಡಿ ಬಸ್ಸಪ್ಪ. ನಮ್ಮ ಹೊಲದ ಬದುವಿಗೆ ಅಂಟಿಯೇ ಹೊಲ ಇರುವವನು, ನಮ್ಮ ಮನೆಗೂ ತನ್ನ ಮನೆಗೂ ಒಂದೇ ಹಿತ್ತಲು ಇರುವವನು ಬಾಂಬ್ ಬಸ್ಸಪ್ಪ. ಹೊಸಬರು ಆ ಹೆಸರು ಕೇಳಿ ಇವನೊಬ್ಬ ಜಗಳಗಂಟ ಇರಬೇಕು ಅಂದುಕೊಳ್ಳುತ್ತಾರೆ. ಅವನಷ್ಟು ಮೆತ್ತಗೆ ಮಾತಾಡುವವರು ನಮ್ಮ ಕಡೆ ಕಡಿಮೆ. ಎತ್ತಿಗೂ ‘ನಡಿಯಪ್ಪ’ ಎನ್ನುವ ಮನುಷ್ಯ.

ಹೆಸರು ಬಂದದ್ದು ಹೀಗೆ. ಅವನು ಮಿಲಿಟರಿಯಲ್ಲಿದ್ದ. ಅಲ್ಲಿ ಬಂದೂಕಿಗಿಂತ ಗುದ್ದಲಿ, ಸಲಿಕೆ ಹಿಡಿದದ್ದೇ ಹೆಚ್ಚು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲ ತೋಡುವುದು ಅವನ ತುಕಡಿಯ ಕೆಲಸ. ಸಾವಿರದ ಒಂಬೈನೂರ ತೊಂಬತ್ತೆಂಟರ ಬೇಸಿಗೆಯಲ್ಲಿ ಅವರನ್ನು ರಾಜಸ್ಥಾನದ ಮರಳಿನಲ್ಲಿ ಇಟ್ಟಿದ್ದರು. ಚೀಲಕ್ಕೆ ಮರಳು ತುಂಬುವುದು, ಹೊತ್ತು ತಂದು ಒಂದು ಆಳದ ಬಾವಿಗೆ ಇಳಿಸುವುದು. ಯಾತಕ್ಕೆ ಎಂದು ಮೇಲಿನ ಸಾಹೇಬರು ಹೇಳಲಿಲ್ಲ, ಇವನು ಕೇಳಲಿಲ್ಲ. ಬೇರೆ ದೇಶದವರು ಆಕಾಶದಿಂದ ಫೋಟೊ ಹಿಡಿಯುತ್ತಾರೆಂದು ಕೆಲಸದ ಗುರುತೆಲ್ಲ ಅಳಿಸಿ ಹಾಕಿಸುತ್ತಿದ್ದರಂತೆ. ಒಂದು ಮಧ್ಯಾಹ್ನ ಎಲ್ಲರನ್ನೂ ದೂರ ಕಳುಹಿಸಿದರು. ಕಾಲ ಕೆಳಗಿನ ನೆಲ ಅಲುಗಿತು. ‘ನೆಲದಾಗ ಒಂದು ದೊಡ್ಡ ಎಮ್ಮಿ ಮಗ್ಗಲು ಬದಲಿ ಮಾಡಿದಂಗಾತು’ ಎಂದು ಹೇಳುತ್ತಾನೆ. ಆಮೇಲೆ ಸಾಹೇಬರು ಲಾಡು ಹಂಚಿದಾಗಲೇ ಅದು ಅಣುಬಾಂಬಿನ ಪರೀಕ್ಷೆ ಎಂದು ಅವನಿಗೆ ತಿಳಿದದ್ದು.

ರಜೆಗೆ ಊರಿಗೆ ಬಂದಾಗ ಬಸ್ಸು ಇಳಿಯುವಲ್ಲೇ ಹಲಗೆ ಬಾರಿಸಿ ಹಾರ ಹಾಕಿದರು. ಹೆಸರು ಅಂದು ಅಂಟಿದ್ದು ಇಂದಿಗೂ ಬಿಟ್ಟಿಲ್ಲ. ಆದರೆ ಅವನ ರಜೆ ಮುಗಿಯುವ ಮೊದಲೇ ಆಚೆಯ ದೇಶದವರೂ ತಮ್ಮ ಬಾಂಬು ಸಿಡಿಸಿ ತೋರಿಸಿದರು. ಹಾರ ಹಾಕಿದವರೇ ಬಂದು ಈಗೇನಪ್ಪ ಗತಿ ಎಂದು ಕೇಳಿದರು. ಈಗ ಇಬ್ಬರ ಕೈಯಲ್ಲೂ ಇದೆ, ಇನ್ನು ಯಾರೂ ಯಾರ ಮೈಮೇಲೂ ಹೋಗುವುದಿಲ್ಲ ಎಂದು ಇವನು ಹೇಳಿದ. ಮರುವರ್ಷವೇ ಹಿಮದ ಗುಡ್ಡದ ಮೇಲೆ ಯುದ್ಧವಾಯಿತು. ಅವನ ಜೊತೆ ಉಂಡವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಅಂದಿನಿಂದ ಆ ಮಾತನ್ನು ಅವನು ಆಡುವುದಿಲ್ಲ.

ಪಿಂಚಣಿ ಪಡೆದು ಬಂದ ಮೇಲೆ ಹೊಲಕ್ಕೆ ಇಳಿದ. ಅಷ್ಟು ವರ್ಷ ಹೊಲ ನೋಡಿಕೊಂಡವಳು ಅವನ ಹೆಂಡತಿ ಪಾರ್ವತೆಮ್ಮ. ಅವಳ ಮಾತು ಕುಡುಗೋಲು, ಲೆಕ್ಕ ತಕ್ಕಡಿ. ಒಬ್ಬಳೇ ಮಗಳು ಸುಕನ್ಯಾ ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ದೇಶ ದೇಶಗಳ ನಡುವಿನ ವ್ಯವಹಾರವೇ ಅವಳ ಪಾಠ. ಮಸ್ಕಿಯಲ್ಲಿ ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ.

ನಮ್ಮ ಉಪಕಾಲುವೆಯ ತಲೆಯ ಹತ್ತಿರ, ಹಿಂದೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪು ಇದೆ. ನಡುವೆ ನಮ್ಮ ಊರವರ ಹೊಲಗಳು. ಬಾಲದಲ್ಲಿ ಸಣ್ಣ ಸಣ್ಣ ತುಂಡುಗಳು. ನೀರು ಪಾಳಿಯ ಮೇಲೆ ಬಿಡುತ್ತಾರೆ. ಇಂಥ ದಿನ ಇಂಥವರ ತೂಬು ತೆಗೆಯಬೇಕು, ಇಂಥ ದಿನ ಮುಚ್ಚಬೇಕು. ಹಾಗೆ ನಡೆದರೆ ಬಾಲಕ್ಕೂ ನೀರು ಮುಟ್ಟುತ್ತದೆ. ಆದರೆ ಕಾಲುವೆಗೇ ಮೋಟಾರು ಇಟ್ಟು ನೀರೆತ್ತುವುದು ಶುರುವಾದ ಮೇಲೆ ಪಾಳಿ ಎಂಬುದು ನೀರಿನ ಸಂಘದ ಗೋಡೆಯ ಮೇಲಿನ ಬರಹವಾಗಿ ಉಳಿಯಿತು.

ಮೊದಲು ಯಾರು ಇಟ್ಟರು ಎಂದು ಕೇಳಬಾರದು. ಕ್ಯಾಂಪಿನ ವೀರ್ರಾಜು, ನಿಮ್ಮ ಕಡೆ ಒಂದು ಕಂಡ ಮೇಲೆ ನಾನು ಇಟ್ಟೆ ಎನ್ನುತ್ತಾನೆ. ಬಸ್ಸಪ್ಪ, ಅವನದು ಕಂಡ ಮೇಲೆ ನಾನು ಇಟ್ಟೆ ಎನ್ನುತ್ತಾನೆ. ವೀರ್ರಾಜುವಿನದು ಮೂರು ಎಚ್‌ಪಿ ಇತ್ತು. ಬಸ್ಸಪ್ಪ ಐದರದು ತಂದ. ವೀರ್ರಾಜು ಅದಕ್ಕಿಂತ ದೊಡ್ಡದು ತಂದ. ಬಸ್ಸಪ್ಪನ ಐದರದು ಸುಟ್ಟುಹೋದಾಗ ಅವನೂ ದೊಡ್ಡದನ್ನೇ ತಂದ. ಅವರಿಬ್ಬರನ್ನು ನೋಡಿ ಉಳಿದವರೂ ಇಟ್ಟರು. ಅಷ್ಟು ನೀರು ಒಬ್ಬರಿಗೂ ಬೇಕಿರಲಿಲ್ಲ. ಭತ್ತ ಕೊಳೆಯುವಷ್ಟು ನೀರು ನಿಂತರೂ ಮೋಟಾರು ನಿಲ್ಲಿಸುತ್ತಿರಲಿಲ್ಲ. ನಾನು ನಿಲ್ಲಿಸಿದರೆ ಅವನು ಎಳೆಯುತ್ತಾನೆ ಎಂಬ ಭಯಕ್ಕೆ ಕರೆಂಟು ಇರುವತನಕ ಎಲ್ಲರೂ ಎಳೆಯುತ್ತಿದ್ದರು.

ಕಳೆದ ವರ್ಷ ಮೇ ತಿಂಗಳಲ್ಲಿ ಎರಡೂ ದೇಶಗಳ ನಡುವೆ ಗುಂಡು ಹಾರಿದಾಗ ಬಸ್ಸಪ್ಪನ ಕಟ್ಟೆಯ ಮೇಲೆ ಜನ ನೆರೆಯಿತು. ಅವನು ಟಿವಿಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದ. ಬಾಂಬಿನ ವಿಷಯ ಇವನಿಗೆ ಗೊತ್ತು ಎಂದು ಎಲ್ಲರೂ ಇವನನ್ನೇ ಕೇಳುತ್ತಿದ್ದರು. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಖಾದರಬಾಷಾ ಕೇಳಿದ ಮಾತು ಮಾತ್ರ ಬೇರೆ.

‘ಬಸ್ಸಣ್ಣ, ಅದು ಇದ್ದರ ಯಾರೂ ಮುಟ್ಟಂಗಿಲ್ಲ ಅಂತಿದ್ದರು. ಈಗ ಇಬ್ಬರ ಕಡೆನೂ ಐತಿ, ಇಬ್ಬರೂ ಬಡದಾಡಾಕತ್ತಾರ. ಮತ್ತ ಅದರ ಫಾಯಿದೆ ಏನು?’

ಬಸ್ಸಪ್ಪ ಟಿವಿಯ ಸದ್ದು ತಗ್ಗಿಸಿದ. ರಜೆಗೆ ಬಂದಿದ್ದ ಸುಕನ್ಯಾ ಹೇಳತೊಡಗಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಪ್ರತಿಯೊಂದು ದೇಶವೂ ಬಾಂಬನ್ನು ಮೊದಲು ಭಯಕ್ಕೆ ಮಾಡುತ್ತದೆ. ಆಮೇಲೆ ಮರ್ಯಾದೆಗೆ ಇಟ್ಟುಕೊಳ್ಳುತ್ತದೆ, ಅದು ಇದ್ದವರಿಗೆ ಸಭೆಯಲ್ಲಿ ಮುಂದಿನ ಕುರ್ಚಿ. ಮೊದಲೇ ಮಾಡಿಕೊಂಡ ಐದು ದೇಶಗಳು ಉಳಿದವರಿಗೆ ನೀವು ಮಾಡಬೇಡಿ ಎಂದು ಒಪ್ಪಂದ ಮಾಡಿದವು. ನಾವೂ ಬಿಡುವ ದಾರಿ ಹಿಡಿಯುತ್ತೇವೆ ಎಂದು ಅದರಲ್ಲೇ ಬರೆದುಕೊಟ್ಟವು. ಒಂದಷ್ಟು ಕಡಿಮೆ ಮಾಡಿದರು, ಪೂರಾ ಯಾರೂ ಬಿಡಲಿಲ್ಲ. ಹಾಗಾಗಿ ಮಾಡಬೇಡಿ ಎನಿಸಿಕೊಂಡವರಿಗೆ ಅವರ ಮಾತಿನಲ್ಲಿ ನಂಬಿಕೆ ಇಲ್ಲ. ಒಂದು ದೇಶ ತನ್ನ ನೆಲದ ಮೇಲಿದ್ದ ಬಾಂಬುಗಳನ್ನೆಲ್ಲ ಪಕ್ಕದ ದೊಡ್ಡ ದೇಶಕ್ಕೆ ಕೊಟ್ಟಿತು. ನಿನ್ನ ಗಡಿ ಮುಟ್ಟುವುದಿಲ್ಲ ಎಂದು ಆಗ ಬರೆದುಕೊಟ್ಟವರೇ ಈಗ ಅದರ ಮೇಲೆ ಯುದ್ಧಕ್ಕೆ ಬಂದಿದ್ದಾರೆ. ಆದರೆ ಆಫ್ರಿಕಾದ ತುದಿಯ ಇನ್ನೊಂದು ದೇಶ, ಗುಟ್ಟಾಗಿ ಮಾಡಿಟ್ಟುಕೊಂಡದ್ದನ್ನು ತಾನೇ ಬಿಚ್ಚಿ ಹಾಕಿ, ಹೊರಗಿನವರನ್ನು ಕರೆದು ಬಾಗಿಲು ತೆಗೆದು ತೋರಿಸಿತು.

ಪಾರ್ವತೆಮ್ಮ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು. ಅವಳ ಮನಸ್ಸಿನಲ್ಲಿ ಕೂತದ್ದು, ಕೊಟ್ಟು ಕೆಟ್ಟ ದೇಶದ ಕತೆ. ಬಸ್ಸಪ್ಪನ ಮನಸ್ಸಿನಲ್ಲಿ ಕೂತದ್ದು ಬಾಗಿಲು ತೆಗೆದು ತೋರಿಸಿದ ದೇಶದ ಕತೆ. ಅದು ಆಮೇಲೆ ಗೊತ್ತಾಯಿತು.

ಕೆಲವೇ ದಿನಗಳಲ್ಲಿ ಗುಂಡು ನಿಂತಿತು. ಮಳೆಗಾಲಕ್ಕೆ ಕಾಲುವೆಗೆ ನೀರು ಬಂತು. ಡ್ಯಾಮಿನ ಗೇಟುಗಳು ಹಳೆಯವು, ಬದಲಿಸುತ್ತಾರೆ, ಎರಡನೇ ಬೆಳೆಗೆ ನೀರಿಲ್ಲ ಎಂಬ ಸುದ್ದಿ ಅದರ ಹಿಂದೆಯೇ ಬಂತು. ಅಂದರೆ ವರ್ಷಕ್ಕೆಲ್ಲ ಇದೊಂದೇ ಬೆಳೆ.

ಕಾಲುವೆಯ ಬಾಲದಲ್ಲಿ ಆದಮ್ಮನ ಒಂದು ಎಕರೆ ಇದೆ. ಅವಳು ಎಲ್ಲರ ಹೊಲದಲ್ಲೂ ಸಸಿ ಹಚ್ಚುವ ಕೆಲಸಕ್ಕೆ ಹೋಗುತ್ತಾಳೆ. ಅವಳು ಹಚ್ಚಿದ ಸಸಿಯ ಸಾಲನ್ನು ಹಗ್ಗ ಹಿಡಿದು ಎಳೆದಂತೆ ಕಾಣಬಹುದು. ತನ್ನ ಹೊಲದಲ್ಲಿ ಮಾತ್ರ ಮೂರು ವರ್ಷದಿಂದ ಅವಳು ಭತ್ತ ಹಚ್ಚಿರಲಿಲ್ಲ. ಹಚ್ಚಲೋ ಬೇಡವೋ ಎಂದು ಕೇಳಲು ಬಸ್ಸಪ್ಪನ ಕಟ್ಟೆಗೆ ಬಂದಳು. ಅವನು ಆಗ ನೀರಿನ ಸಂಘಕ್ಕೆ ಹೊಸದಾಗಿ ಅಧ್ಯಕ್ಷನಾಗಿದ್ದ.

‘ಹಚ್ಚವ್ವ. ನೀರಿನ ಜಿಮ್ಮೇದಾರಿ ನಂದು’ ಎಂದ.

ಆ ಮಾತಿನ ಮೇಲೆ ಅವಳು ಹಚ್ಚಿದಳು. ಆ ಮಾತು ಉಳಿಯಬೇಕಾದರೆ ಕಾಲುವೆಯ ಮೇಲಿನ ಮೋಟಾರುಗಳು ಇಳಿಯಬೇಕಿತ್ತು. ಬಸ್ಸಪ್ಪ ಮನೆ ಮನೆ ತಿರುಗಿದ. ಎಲ್ಲರೂ ಒಂದೇ ಮಾತು ಹೇಳಿದರು: ಉಳಿದವರು ಇಳಿಸಲಿ, ಮರುದಿನ ನಾವು ಇಳಿಸುತ್ತೇವೆ. ಕೊನೆಗೆ ಗುಡಿಯಲ್ಲಿ ಸಭೆ ಸೇರಿ, ಎಲ್ಲರೂ ಒಂದೇ ದಿನ ಮೋಟಾರು ತಂದು ಸಂಘದ ಗೋದಾಮಿಗೆ ಹಾಕುವುದೆಂದು ದೇವರ ಭಂಡಾರದ ಅರಿಶಿಣ ಮುಟ್ಟಿ ಆಣೆ ಮಾಡಿದರು. ಗೋದಾಮಿಗೆ ಎರಡು ಬೀಗ. ಒಂದರ ಕೀಲಿ ಬಸ್ಸಪ್ಪನ ಹತ್ತಿರ, ಇನ್ನೊಂದರದು ವೀರ್ರಾಜುವಿನ ಹತ್ತಿರ. ಇಬ್ಬರೂ ಬಾರದೆ ಬಾಗಿಲು ತೆರೆಯುವಂತಿಲ್ಲ.

ಹಿಂದಿನ ದಿನ ಸಂಜೆ ಹಿತ್ತಲಲ್ಲಿ ಗಂಡ ಹೆಂಡತಿ ಮಾತಾಡಿದ್ದು ನನಗೆ ಕೇಳಿಸಿತು. ನಾನಿದ್ದೇನೆಂದು ಅವರಿಗೂ ಗೊತ್ತಿತ್ತು. ಆ ಹಿತ್ತಲಲ್ಲಿ ಗುಟ್ಟು ಎಂಬುದಿಲ್ಲ.

‘ಕೊಟ್ಟ ದೇಶದ ಗತಿ ಏನಾತು ಅಂತ ಮಗಳು ಹೇಳಿದ್ದು ಮರತ್ರೇನು?’ ಎಂದಳು ಪಾರ್ವತೆಮ್ಮ. ‘ನೀವು ಇಳಸ್ರಿ. ವೀರ್ರಾಜು ನಿಮ್ಮ ಹೊಲ ಒಣಗೋದು ನೋಡಿಕೋತ ಕಾಫಿ ಕುಡಿತಾನ.’

‘ಅವನ ಹೇಂತಿನೂ ಅವನಿಗೆ ಇದನ್ನ ಹೇಳಾಕತ್ತಿರಬೇಕು.’

‘ಹೇಳಲಿ. ಶಾಣ್ಯಾಕಿ ಅದಾಳ.’

ಬಸ್ಸಪ್ಪ ಎದ್ದು ಹಿತ್ತಲ ತುದಿಯತನಕ ನಡೆದು ತಿರುಗಿ ಬಂದ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಮೋಟಾರನ್ನು ಒರೆಸಿ ಬಂಡಿಗೆ ಹಾಕಿದ. ಚಲೋದನ್ನು ಪಾರ್ವತೆಮ್ಮ ಹುಲ್ಲಿನ ಬಣಿವೆಯ ಕೆಳಗೆ ನೂಕಿದಳು. ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗದೆ, ಮೋಟಾರು ತರುತ್ತೇವೆ ಎಂದು ಆಣೆ ಮಾಡಿದ್ದೆವು, ಇದೂ ಮೋಟಾರೇ ಅಲ್ಲವೇ ಎಂದ. ನಾನು ಒಣಹಾಕಿದ್ದ ಬಟ್ಟೆ ತೆಗೆದುಕೊಂಡು ಒಳಗೆ ಹೋದೆ.

ಮರುದಿನ ಗೋದಾಮು ತುಂಬಿತು. ಫೋಟೊ ಹಿಡಿದರು, ಎರಡೂ ಬೀಗ ಬಿದ್ದವು, ಪೇಡೆ ಹಂಚಿದರು. ಪಾಳಿ ಶುರುವಾಯಿತು. ನಮ್ಮ ನಡುಹೊಲಗಳತನಕ ನೀರು ಬಂತು. ಆದಮ್ಮನ ಹೊಲಕ್ಕೆ ಬರಲಿಲ್ಲ. ಎರಡನೇ ಪಾಳಿಗೂ ಬರಲಿಲ್ಲ. ಭತ್ತ ಹೊಡೆ ತುಂಬುವ ಕಾಲ ಅದು. ಆಗ ನೀರು ತಪ್ಪಿದರೆ ತೆನೆ ಬರೀ ಜೊಳ್ಳು. ಆದಮ್ಮ ಬೆಳಿಗ್ಗೆ ಬಂದು ಬಸ್ಸಪ್ಪನ ಕಟ್ಟೆಯ ಮೇಲೆ ಕೂತಳು. ಬೈಯಲಿಲ್ಲ, ಅಳಲಿಲ್ಲ. ಪಾರ್ವತೆಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ. ಕೂಲಿಯ ಹೊತ್ತಾದಾಗ ಎದ್ದು ಹೋದಳು. ಮರುದಿನವೂ ಹಾಗೇ ಬಂದು ಕೂತಳು.

ಖಾದರಬಾಷಾ ಆ ದಾರಿಯಲ್ಲಿ ಬಂದವನು ಅವಳನ್ನು ನೋಡಿ ಬಸ್ಸಪ್ಪನ ಹತ್ತಿರ ಒಂದು ಮಾತು ಬಿಟ್ಟ. ಗೋದಾಮಿಗೆ ಮೋಟಾರು ಹಾಕುವ ವಾರ ತನ್ನ ಅಂಗಡಿಯ ಗುಜರಿಗೆ ಎಂದೂ ಇಲ್ಲದ ಗಿರಾಕಿ ಬಂದಿದ್ದರಂತೆ. ಇತ್ತ ಊರವರು, ಅತ್ತ ಕ್ಯಾಂಪಿನವರು.

‘ಅಣ್ಣ, ಅದು ಗೋದಾಮಲ್ಲ. ನನ್ನ ಅಂಗಡಿಯ ಸತ್ತ ಮೋಟಾರುಗಳ ಖಬರಸ್ತಾನ’ ಎಂದು ನಕ್ಕ.

ಬಸ್ಸಪ್ಪ ನಗಲಿಲ್ಲ. ತನ್ನಂತೆಯೇ ಎಲ್ಲರೂ ಚಲೋದನ್ನು ಬಚ್ಚಿಟ್ಟಿದ್ದಾರೆ, ಕೆಲವರು ರಾತ್ರಿ ಅದನ್ನು ಕಾಲುವೆಗೆ ಹಚ್ಚುತ್ತಿದ್ದಾರೆ ಎಂದು ಅವನಿಗೆ ಆಗ ತಿಳಿಯಿತು. ಅಂದು ಹೊಲದ ಬದುವಿನ ಮೇಲೆ ನನ್ನ ಜೊತೆ ಕೂತು ಮಾತಾಡಿದ. ಕಳ್ಳ ಯಾರೆಂದು ಹುಡುಕುತ್ತ ಹೋದರೆ ಮೊದಲು ಸಿಗುವವನು ನಾನೇ ಎಂದ. ದೊಡ್ಡ ದೇಶಗಳೂ ಹೀಗೇ ಇರಬೇಕಲ್ಲಪ್ಪ, ಹಳೆಯದನ್ನು ಕೊಟ್ಟು ಫೋಟೊ ಹಿಡಿಸಿಕೊಂಡು, ಹೊಸದನ್ನು ಬಣಿವೆಯಲ್ಲಿ ಇಟ್ಟಿರಬೇಕು ಎಂದೆ ನಾನು. ಅವನು ಅದನ್ನು ಪೂರಾ ಒಪ್ಪಲಿಲ್ಲ.

‘ಬಾಂಬಿನ ಮಾತು ಬ್ಯಾರೆ ಯಕ್ಕಾ. ಮೋಟಾರು ತಪ್ಪಿದರ ಒಬ್ಬಾಕಿ ಹೊಲ ಒಣಗತೈತಿ. ಅದು ತಪ್ಪಿದರ ಒಣಗಾಕ ಹೊಲನ ಇರಂಗಿಲ್ಲ. ಆದರ ಅಂಜಿಕಿ ಒಂದ ನಮೂನಿ. ಅಂಜಿದಾವನ ಕೈಯಾಗಿಂದು ಕಸಗೊಳ್ಳಾಕ ಆಗಂಗಿಲ್ಲ. ಅವನ ಎದುರಿಗೆ ನಮ್ಮದು ತಗದು ತೋರಸಬೇಕು.’

ಪಾರ್ವತೆಮ್ಮನಿಗೆ ಅವನು ಏನೂ ಹೇಳಲಿಲ್ಲ. ಮರುದಿನ ಸಭೆ ಕರೆದ. ವೀರ್ರಾಜುವನ್ನು ಕರೆಸಿ ಎರಡೂ ಬೀಗ ತೆಗೆಸಿದ. ಖಾದರಬಾಷಾನಿಗೆ ಹೇಳಿ ಗೋದಾಮಿನ ಅಂಗಳಕ್ಕೆ ಕರೆಂಟಿನ ವೈರು ಎಳೆಸಿ, ಫ್ಯೂಸು, ಸ್ಟಾರ್ಟರು ಕೂಡಿಸಿದ. ಒಂದೊಂದೇ ಮೋಟಾರು ತಂದು ತಿರುಗಿಸಿ ನೋಡೋಣ, ಮೊದಲು ನನ್ನದು ಎಂದ. ಜನ ಮುಖ ಮುಖ ನೋಡಿಕೊಂಡರು. ಅವನ ಸುಟ್ಟ ಮೋಟಾರಿಗೆ ವೈರು ಕಟ್ಟಿದರು. ಗುಂಡಿ ಒತ್ತಿದ. ಮೋಟಾರು ಒಮ್ಮೆ ಗುಂಯ್ ಎಂದಿತು, ಫ್ಯೂಸು ಹಾರಿತು. ಸುಟ್ಟ ವಾಸನೆ ಅಂಗಳಕ್ಕೆಲ್ಲ ಹರಡಿತು.

‘ಇದು ಎರಡು ವರ್ಷದ ಹಿಂದ ಸತ್ತದ್ದು’ ಎಂದ ಬಸ್ಸಪ್ಪ. ‘ಜೀವ ಇದ್ದದ್ದು ನನ್ನ ಬಣಿವಿ ಕೆಳಗ ಐತಿ. ಭಂಡಾರ ಮುಟ್ಟಿ ಸುಳ್ಳು ಮಾಡೀನಿ. ಅಧ್ಯಕ್ಷಗಿರಿ ಬ್ಯಾರೆಯವರಿಗೆ ಕೊಡ್ರಿ.’

ಹೆಂಗಸರ ಗುಂಪಿನಲ್ಲಿದ್ದ ಪಾರ್ವತೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಧ್ಯಕ್ಷಗಿರಿ ಆಮೇಲಿನ ಮಾತು ಎಂದು ಯಾರೋ ಅಂದರು. ಆಮೇಲೆ ವೀರ್ರಾಜು ಎದ್ದು, ಹೆಗಲ ಮೇಲಿನ ಟವೆಲ್ಲು ಕೊಡವಿ, ತನ್ನ ಮೋಟಾರನ್ನು ತೋರಿಸಿ ಇದನ್ನೂ ಹಚ್ಚು ಎಂದ. ಅದರ ಫ್ಯೂಸೂ ಹಾರಿತು. ಮೂರನೆಯದರದೂ ಹಾರಿತು. ಆಗ ಒಬ್ಬ ಮುದುಕ ಕಿಸಕ್ಕೆಂದ. ಅಲ್ಲಿಂದ ನಗು ತಡೆಯಲಾಗಲಿಲ್ಲ. ಖಾದರಬಾಷಾ, ನನ್ನ ಫ್ಯೂಸು ತಂತಿಯ ಉಂಡೆ ಮುಗಿಯುವ ಮೊದಲು ಒಪ್ಪಿಕೊಂಡುಬಿಡಿ ಎಂದ. ಬೈದಾಡಿಕೊಂಡು ಬರಬೇಕಿದ್ದ ಜನ ನಗುತ್ತ ಮನೆಗೆ ಹೋಗಿ ಚಲೋ ಮೋಟಾರು ತಂದರು. ಎಲ್ಲರೂ ತಂದರು ಎಂದು ನಾನು ಬರೆಯುವುದಿಲ್ಲ. ಬಹಳ ಜನ ತಂದರು. ಬಸ್ಸಪ್ಪ ಬಣಿವೆಯ ಕೆಳಗಿನದನ್ನು ತಂದ. ಅದು ತಿರುಗಿತು. ವೀರ್ರಾಜುವಿನ ದೊಡ್ಡದೂ ತಿರುಗಿತು.

ಮುಗಿಯಿತು ಎಂದುಕೊಂಡೆವು. ಬೀಗ ಹಾಕುವಾಗ ವೀರ್ರಾಜು ಕೈ ಹಿಡಿದ. ‘ಬಸ್ಸಪ್ಪಗಾರು, ಇನ್ನೊಂದು ಇಲ್ಲ ಅಂತ ನನಗೆ ಏನು ಖಾತ್ರಿ?’ ಎಂದು ಕೇಳಿದ. ಇವನೂ, ನಿನ್ನ ಹಳೆಯ ಮೂರು ಎಚ್‌ಪಿ ಎಲ್ಲಿ ಎಂದು ಕೇಳಿದ. ಅವನು ಮಾರಿದೆ ಎಂದ. ಮನೆಗೆ ಬಂದು ನೋಡು ಎಂದು ಬಸ್ಸಪ್ಪ ಹೇಳಿಬಿಟ್ಟ.

ಅಷ್ಟೊತ್ತು ಬಾಯಿ ಮುಚ್ಚಿದ್ದ ಪಾರ್ವತೆಮ್ಮ ಆಗ ಮುಂದೆ ಬಂದಳು. ನಮ್ಮ ಕಡೆ ಹೊರಗಿನ ಗಂಡಸು ಅಡುಗೆಮನೆ, ದೇವರ ಮನೆ, ಕಾಳಿನ ಕೋಣೆ ಹುಡುಕುವುದೆಂದರೆ ಮನೆಯ ಮಾನ ಬೀದಿಗೆ ಬಂದಂತೆ.

‘ಗಂಡಸರು ನನ್ನ ಹೊಸ್ತಿಲ ದಾಟಂಗಿಲ್ಲ’ ಎಂದಳು. ‘ನಿಮ್ಮ ಹೇಂತಿನ ಕಳಸ್ರಿ. ಬೇಕಾದ್ದು ತಗದು ನೋಡಲಿ. ಆಮ್ಯಾಲೆ ನಾ ನಿಮ್ಮ ಮನಿಗೆ ಬರತೀನಿ.’

ಹಾಗೆ ಆ ಕೆಲಸ ಹೆಂಗಸರಿಗೆ ಬಂತು. ವೀರ್ರಾಜುವಿನ ಹೆಂಡತಿ ಬಂದು ಟ್ರಂಕಿನ ಒಳಗಿನ ಮಿಲಿಟರಿ ಬಟ್ಟೆಯನ್ನೂ ಸರಿಸಿ ನೋಡಿದಳು. ಪಾರ್ವತೆಮ್ಮ ಹಲ್ಲು ಕಚ್ಚಿ ನಿಂತಳು, ಆಮೇಲೆ ಕುಂಕುಮ ಕೊಟ್ಟು ಕಳುಹಿಸಿದಳು. ಮರುದಿನ ಪಾರ್ವತೆಮ್ಮನ ಜೊತೆ ನಾನೂ ಕ್ಯಾಂಪಿಗೆ ಹೋದೆ. ಕಾಫಿ ಕೊಟ್ಟರು. ಕಾಫಿ ಕುಡಿದು ಪಾರ್ವತೆಮ್ಮ ಎದ್ದು, ನೀರು ಕಾಯಿಸುವ ದೊಡ್ಡ ಹಂಡೆಯ ಹಿಂದೆ ಚೀಲ ಹೊದಿಸಿ ಇಟ್ಟಿದ್ದನ್ನು ಕಾಲಿನಿಂದ ಸರಿಸಿದಳು. ಮಾರಿದ ಮೋಟಾರು ಅಲ್ಲಿತ್ತು. ಅದು ಕೆಟ್ಟದ್ದು, ಕೆಲಸಕ್ಕೆ ಬಾರದು ಎಂದಳು ವೀರ್ರಾಜುವಿನ ಹೆಂಡತಿ.

‘ಇರಲಿ ಬಿಡ್ರಿ. ಫ್ಯೂಸು ಹೇಳತೈತಿ’ ಎಂದಳು ಪಾರ್ವತೆಮ್ಮ.

ಅದು ತಿರುಗಿತು. ಗೋದಾಮಿಗೆ ಹೋಯಿತು.

ಮುಂದಿನ ಪಾಳಿಗೆ ನೀರು ಕಾಲುವೆಯ ಬಾಲ ಮುಟ್ಟಿತು. ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಮೆಲ್ಲಗೆ ಬಂತು. ಬಿರುಕು ಬಿಟ್ಟ ನೆಲ ಚಟಚಟ ಎಂದು ಕುಡಿಯಿತು. ಹೊಲದ ಒಂದು ಅಂಚಿನ ಭತ್ತ ಆಗಲೇ ಬೆಳ್ಳಗಾಗಿತ್ತು, ಅದು ತಿರುಗಿ ಬರುವಂಥದ್ದಲ್ಲ. ಉಳಿದದ್ದು ಬದುಕುತ್ತಿತ್ತು. ಆದಮ್ಮ ಬದುವಿನ ಮೇಲೆ ನಿಂತು ನೋಡಿದಳು. ಬಸ್ಸಪ್ಪನೂ ನಾನೂ ಅಲ್ಲಿದ್ದೆವು.

‘ಮುಂದಿನ ಪಾಳಿಗೂ ಬರತಾವೇನಣ್ಣ?’ ಎಂದು ಕೇಳಿದಳು.

ಬಸ್ಸಪ್ಪ ಕಾಲುವೆಯ ತಲೆಯ ಕಡೆ ನೋಡಿದ. ‘ಈ ಪಾಳಿ ಬಂದಾವ. ಮುಂದಿನ ಪಾಳಿಗೆ ಮತ್ತ ಮನಿ ಮನಿ ನೋಡಿಕೊಂಡು ಬರಬೇಕವ್ವ.’

‘ಅವತ್ತ ಜಿಮ್ಮೇದಾರಿ ನಂದು ಅಂದಿದ್ರಿ.’

‘ಅಂದಿದ್ದೆ. ಒಬ್ಬನ ಕೈಲೆ ಆಗೂ ಮಾತಲ್ಲ ಅದು. ಬಾಯಿ ತಪ್ಪಿ ಅಂದೆ.’

ಆದಮ್ಮ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದು, ನೀರು ನಿಲ್ಲದ ಕಡೆ ಒಂದು ಹಿಡಿ ಕೆಸರು ಒತ್ತಿದಳು. ಆಮೇಲೆ ತಲೆ ಎತ್ತಿ, ನೋಡಲು ಹೋಗುವವರು ಮೋಟಾರು ಇದ್ದವರೇ ಆದರೆ ಹೇಗೆ ಎಂದು ಕೇಳಿದಳು. ನೀರು ತಪ್ಪುವುದು ತನಗೆ, ಹುಡುಕುವವಳೂ ತಾನೇ ಆಗಬೇಕು ಎಂದಳು. ಬಸ್ಸಪ್ಪ ನನ್ನ ಮುಖ ನೋಡಿದ. ಇಷ್ಟು ದಿನ ಆ ಮಾತು ನಮ್ಮ ಒಬ್ಬರಿಗೂ ಹೊಳೆದಿರಲಿಲ್ಲ.

ಪಾಳಿಯ ಹಿಂದಿನ ದಿನ ಬೆಳಿಗ್ಗೆ ಅವಳು ಬಂದಳು. ಕಟ್ಟೆಯ ಮೇಲೆ ಕೂರಲಿಲ್ಲ. ಪಾರ್ವತೆಮ್ಮ ಕ್ಯಾಂಪಿಗೆ ಹೋಗಲೆಂದು ಚಲೋ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು.

‘ಕ್ಯಾಂಪಿಗೆ ಆಮ್ಯಾಲೆ ಹೋಗೂಣ್ರಿ ಅಕ್ಕಾರ’ ಎಂದಳು ಆದಮ್ಮ. ‘ಮೊದಲು ನಿಮ್ಮ ಹಿತ್ತಲ ತೋರಸ್ರಿ.’

ಪಾರ್ವತೆಮ್ಮನ ಮುಖ ಕೆಂಪಾಯಿತು. ಅವಳು ಬಾಯಿ ತೆಗೆಯುವ ಮೊದಲೇ ಬಸ್ಸಪ್ಪ ಎದ್ದು, ಬಣಿವೆಯ ಹತ್ತಿರ ಹೋಗಿ, ಬುಡದ ನೆಲ ಕಾಣಲೆಂದು ಮೇಲಿನ ಹುಲ್ಲನ್ನು ತಬ್ಬಿ ತಬ್ಬಿ ಕೆಳಗೆ ಹಾಕತೊಡಗಿದ.